ಬಿಳಿ ಪಟ್ಟಿಯ ಪೆಟ್ಟಿಗೆಗಳು

ನಮ್ಮ ಕಟ್ಟಡದ ಮೊದಲ ಮಹಡಿಯ ಸ್ಟೆರ್ಗಿಯೋಸ್ ಬಸ್ ಡ್ರೈವರ್ ಆಗಿದ್ದ. ಗ್ರೀಸಿನ ವೋಲೋಸ್ ಬಂದರಿನಿಂದ ಹೊರಟು ಪೀಲಿಯೋ ಬೆಟ್ಟದ ಹಳ್ಳಿಗಳಿಗೆ ಹತ್ತುವ ದಾರಿಯಲ್ಲಿ ಒಂದರ ಮೇಲೊಂದು ತಿರುವು. ಅವನ ಬಸ್ಸಾದರೆ ಹೊಟ್ಟೆ ತೊಳಸುವುದಿಲ್ಲ ಎಂದು ಬೆಟ್ಟದ ಹೆಂಗಸರು ಬೇರೆ ಬಸ್ಸು ಬಿಟ್ಟು ಅವನಿಗಾಗಿ ಕಾಯುತ್ತಿದ್ದರು. ಹೆಂಡತಿ ಅಸಿಮಿನಾ ಅವನಿಗೆ ಸಿಕ್ಕಿದ್ದೂ ಹಾಗೆಯೇ, ಸೇಬಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ದಿನಾ ಮುಂದಿನ ಸೀಟಿನಲ್ಲೇ ಕೂರುತ್ತಿದ್ದ ಹುಡುಗಿ. ಅವನು ಮಾತು ಕಡಿಮೆ, ಇವಳು ಇಬ್ಬರ ಪಾಲಿನದನ್ನೂ ಆಡುವವಳು. ಮಕ್ಕಳಾಗಲಿಲ್ಲ.

ಭಾನುವಾರದ ಪತ್ರಿಕೆಗಳ ಜೊತೆ ಸಿನಿಮಾದ ಡಿಸ್ಕ್ ಕೊಡುತ್ತಿದ್ದ ಕಾಲವೊಂದಿತ್ತು. ಪತ್ರಿಕೆ ಬಿಚ್ಚಿಯೂ ನೋಡದವರು ಡಿಸ್ಕಿನ ಆಸೆಗೆ ಕೊಳ್ಳುತ್ತಿದ್ದರು. ಸ್ಟೆರ್ಗಿಯೋಸ್ ಎಲ್ಲ ಪತ್ರಿಕೆಗಳನ್ನೂ ಕೊಳ್ಳುತ್ತಿದ್ದ. ಪ್ರಯಾಣಿಕರಿಗೆ ಇದು ಗೊತ್ತಾಗಿ, ತಾವು ನೋಡಿ ಮುಗಿಸಿದ್ದನ್ನು ಇಳಿಯುವಾಗ ಅವನ ಪಕ್ಕದಲ್ಲಿಟ್ಟು ಹೋಗುವ ರೂಢಿ ಬಿತ್ತು. ಊರಿನ ಬಾಡಿಗೆ ವಿಡಿಯೋ ಅಂಗಡಿಗಳು ಒಂದೊಂದಾಗಿ ಮುಚ್ಚಿದಾಗ ಅಲ್ಲಿದ್ದುದೂ ನಮ್ಮ ಮೆಟ್ಟಿಲು ಹತ್ತಿ ಬಂತು. ಮಲಗುವ ಕೋಣೆಯ ಗೋಡೆಗೆ ಅವನೇ ಹಲಗೆ ಹೊಡೆದು ಸೂರು ಮುಟ್ಟುವ ಕಪಾಟು ಮಾಡಿದ. ಆಮೇಲೆ ಎದುರು ಗೋಡೆಗೂ ಒಂದು.

ಒಂದು ಬೆಳಿಗ್ಗೆ ಭೂಮಿ ನಡುಗಿತು. ನಮ್ಮ ಕಡೆ ಅದು ಹೊಸದಲ್ಲ, ಕೈಯಲ್ಲಿನ ಕಾಫಿ ಚೆಲ್ಲದಂತೆ ಹಿಡಿದುಕೊಂಡು ನಿಲ್ಲುತ್ತೇವೆ, ಅಷ್ಟೇ. ಆದರೆ ಆ ಸಲ ಕೆಳಗಿನ ಮನೆಯಿಂದ ಗೋಡೆಯೇ ಬಿದ್ದಂಥ ಸದ್ದು ಬಂತು. ನಾನು ಇಳಿದು ಓಡಿದೆ. ಸೂರಿನೆತ್ತರದ ಕಪಾಟು ಮಂಚದ ಮೇಲೆ ಬೋರಲು ಬಿದ್ದಿತ್ತು, ಅಸಿಮಿನಾ ಮಲಗುವ ಬದಿಗೇ. ಅವಳು ಆಗಷ್ಟೇ ಎದ್ದು ಕಾಫಿಗೆ ನೀರಿಡಲು ಹೋಗಿದ್ದಳು. ಸ್ನಾನದ ಮನೆಯಿಂದ ಓಡಿ ಬಂದ ಸ್ಟೆರ್ಗಿಯೋಸ್ ಮುಖದ ಸೋಪು ಒರೆಸದೆ ಮಂಡಿಯೂರಿ, ಡಿಸ್ಕುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಗೀರು ಬಿದ್ದಿದೆಯೇ ಎಂದು ನೋಡತೊಡಗಿದ.

"ನಾನು ಬದುಕಿದೀನಾ ಅಂತ ಕೇಳಲ್ವಾ?" ಅಸಿಮಿನಾ ಬಾಗಿಲಲ್ಲಿ ನಿಂತು ಕೇಳಿದಳು.

"ನಿಂತಿದೀಯಲ್ಲ, ಕಾಣ್ತಿದೆ."

ಅವಳು ನನ್ನ ಕಡೆ ತಿರುಗಿದಳು. "ಕೇಳಿದ್ಯಾ ಡೋಮ್ನಾ? ಸತ್ತಿದ್ರೆ ನನ್ನನ್ನೂ ಒಂದು ಕವರಿಗೆ ಹಾಕಿ ಸಾಲಲ್ಲಿ ನಿಲ್ಲಿಸ್ತಿದ್ದ. ಸ್ಟೆರ್ಗಿಯೋ, ಈ ಮನೇಲಿ ಇನ್ಮೇಲೆ ಇವಿರ್ಬೇಕು, ಇಲ್ಲಾ ನಾನಿರ್ಬೇಕು."

ಅವನು ವಾದ ಮಾಡಲಿಲ್ಲ. ಕಟ್ಟಡದ ನೆಲಮಾಳಿಗೆಯಲ್ಲಿ ಪ್ರತಿ ಮನೆಗೂ ಒಂದು ಉಗ್ರಾಣವಿದೆ. ಹಳೆಯ ಸೈಕಲ್ಲು, ಎಣ್ಣೆ ಡಬ್ಬ, ಚಳಿಗಾಲದ ಜಮಖಾನೆ ಇಡುವ ಜಾಗ. ಅವನದು ಬೀದಿ ಕಡೆಯದು, ಕಬ್ಬಿಣದ ಬಾಗಿಲು, ತಲೆಯೆತ್ತರದಲ್ಲಿ ಕಂಬಿ ಹಾಕಿದ ಸಣ್ಣ ಕಿಟಕಿ. ಹೊರಗಿನಿಂದ ನೋಡಿದರೆ ಆ ಕಿಟಕಿ ಕಾಲುದಾರಿಯಿಂದ ಗೇಣೆತ್ತರದಲ್ಲೇ ಇತ್ತು. ಅಲ್ಲಿಗೆ ಎಲ್ಲವನ್ನೂ ಇಳಿಸಿದ.

ಕೆಲಸದಿಂದ ನಿವೃತ್ತನಾದ ಮೇಲಂತೂ ಅವನ ಹಗಲೆಲ್ಲ ಅಲ್ಲೇ. ಜಾಗ ಸಾಲದೆಂದು ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ಎಸೆದು, ಡಿಸ್ಕನ್ನೂ ಅದರ ಮುಖಚಿತ್ರವನ್ನೂ ತೆಳ್ಳನೆಯ ಕವರಿಗೆ ಸೇರಿಸಿ, ಬೆಟ್ಟದ ಸೇಬಿನ ಮರದ ಪೆಟ್ಟಿಗೆಗಳಲ್ಲಿ ನೆಟ್ಟಗೆ ನಿಲ್ಲಿಸಿದ. ಅಡ್ಡ ಮಲಗಿಸಿದರೆ ಕೆಳಗಿನದು ಬಾಗುತ್ತದೆ, ಸಡಿಲ ಬಿಟ್ಟರೆ ವಾಲುತ್ತದೆ, ಆದ್ದರಿಂದ ಗಾಳಿಯಾಡದಷ್ಟು ಒತ್ತಾಗಿ ತುಂಬಬೇಕು ಎನ್ನುತ್ತಿದ್ದ. ತೇವ ಹೀರಲೆಂದು ಚಪ್ಪಲಿ ಅಂಗಡಿಗಳಿಗೆ ಹೋಗಿ, ಬೂಟಿನ ಡಬ್ಬದೊಳಗಿರುವ ಹರಳಿನ ಪುಟ್ಟ ಪೊಟ್ಟಣಗಳನ್ನು ಬೇಡಿ ತಂದು ಪೆಟ್ಟಿಗೆಗೊಂದರಂತೆ ಇಡುತ್ತಿದ್ದ. ಪೆಟ್ಟಿಗೆಯ ಹಣೆಗೆ ಬಣ್ಣದ ಅಂಟುಪಟ್ಟಿ. ನಗಿಸುವ ಸಿನಿಮಾಗಳಿಗೆ ಹಳದಿ, ಅಳಿಸುವುದಕ್ಕೆ ನೀಲಿ, ಬಂದೂಕು-ಕುದುರೆಗಳಿಗೆ ಕೆಂಪು. ಇನ್ನೂ ನೋಡದೆ ಇರುವುದಕ್ಕೆ ಬಿಳಿ.

ಕಟ್ಟಡದವರೆಲ್ಲ ಅವನಲ್ಲಿ ಸಿನಿಮಾ ಎರವಲು ಪಡೆಯುತ್ತಿದ್ದೆವು. "ಏನಾದ್ರೂ ನಗೋ ಅಂಥದ್ದು ಕೊಡು" ಎಂದರೆ ಸಾಕು, ಕಣ್ಣು ಮುಚ್ಚಿಕೊಂಡು ತೆಗೆದುಕೊಡುತ್ತಿದ್ದ. ಒಂದು ಸಲ ನಾನು ಕೆಳಗೆ ಹೋಗಿದ್ದಾಗ ಅಸಿಮಿನಾ ಅವನಿಗೆ ಮಧ್ಯಾಹ್ನದ ಊಟ ತಂದಿದ್ದಳು. ಗೋಡೆಯುದ್ದಕ್ಕೂ ಕಣ್ಣಾಡಿಸಿ ಕೇಳಿದಳು, "ಎಲ್ಲಿ ನೋಡಿದ್ರೂ ಬಿಳೀನೇ ಇದೆಯಲ್ಲ. ಇವನ್ನೆಲ್ಲ ನೋಡೋದು ಯಾವಾಗ?"

"ಮೊದ್ಲು ಎಲ್ಲಾ ಸರಿಯಾಗಿ ಜೋಡಿಸಿ ಮುಗಿಸ್ತೀನಿ. ಆಮೇಲೆ ಇಬ್ರೂ ಕೂತು ಆರಾಮಾಗಿ ನೋಡೋಣ."

"ಹೋದ ವರ್ಷಾನೂ ಇದೇ ಹೇಳ್ದೆ."

"ಹೋದ ವರ್ಷ ಇಷ್ಟಿರ್ಲಿಲ್ಲ," ಎಂದು ಅವನು ಬೀನ್ಸ್ ಸೂಪಿಗೆ ಬ್ರೆಡ್ಡು ಅದ್ದಿದ.

ಆ ಸೆಪ್ಟೆಂಬರಿನ ಮಳೆ ಮಳೆಯಂತಿರಲಿಲ್ಲ. ಬೆಟ್ಟದ ಮೇಲೆ ಯಾರೋ ತೊಟ್ಟಿಯ ತೂಬು ಕಿತ್ತಂತೆ ಸುರಿಯುತ್ತಲೇ ಇತ್ತು. ಬೇಸಗೆಯಲ್ಲಿ ಕಲ್ಲು ಮಾತ್ರ ಕಾಣುವ ನಮ್ಮ ಹೊಳೆ ಸೇತುವೆಯ ಹೊಟ್ಟೆ ಮುಟ್ಟಿತೆಂದು ಸುದ್ದಿ ಬಂತು. ಮನೆ ಬಿಟ್ಟು ಹೊರಗೆ ಬರಬೇಡಿ ಎಂದು ಎಲ್ಲರ ಫೋನುಗಳೂ ಒಟ್ಟಿಗೆ ಕಿರುಚಿಕೊಂಡವು. ಮಧ್ಯಾಹ್ನದ ಹೊತ್ತಿಗೆ ನಮ್ಮ ಬೀದಿಯಲ್ಲಿ ಕೆಂಪು ನೀರು ಹರಿಯುತ್ತಿತ್ತು, ಅದರಲ್ಲಿ ಯಾರದೋ ಹೂಕುಂಡ, ಕುರ್ಚಿ, ಕಸದ ತೊಟ್ಟಿ.

ಅಸಿಮಿನಾ ನನ್ನ ಬಾಗಿಲು ಬಡಿದಳು. ಕಾಲಲ್ಲಿ ಚಪ್ಪಲಿಯಿಲ್ಲ.

"ಸ್ಟೆರ್ಗಿಯೋಸ್ ಇಲ್ಲಿಗೆ ಬಂದ್ನಾ?"

"ಇಲ್ವಲ್ಲ."

"ಕೆಳಗಿನ ಸಾಲು ಮೇಲೆತ್ತಿ ಬರ್ತೀನಿ, ಒಂದೇ ಗಳಿಗೆ ಅಂತ ಹೋದ. ಕರೆಂಟು ಹೋಯ್ತು. ಮೆಟ್ಟಿಲ ಹತ್ರ ನಿಂತು ಕೂಗ್ತಿದೀನಿ, ಉತ್ತರ ಇಲ್ಲ."

ಇಬ್ಬರೂ ಇಳಿದೆವು. ನೆಲಮಾಳಿಗೆಯ ಮೆಟ್ಟಿಲುಗಳು ಅರ್ಧಕ್ಕೇ ಮುಗಿದಿದ್ದವು. ಅದರ ಕೆಳಗೆ ಕಪ್ಪು ನೀರು. ಹಿಂಬದಿಯ ಗ್ಯಾರೇಜಿನ ಇಳಿಜಾರಿನಿಂದ ನೀರು ನುಗ್ಗಿ ಉಗ್ರಾಣಗಳ ಓಣಿಯನ್ನು ತುಂಬಿಬಿಟ್ಟಿತ್ತು. ಆ ಬಾಗಿಲುಗಳೆಲ್ಲ ಓಣಿಯ ಕಡೆಗೆ ತೆರೆಯುವಂಥವು. ಅಷ್ಟು ನೀರು ಹೊರಗಿನಿಂದ ಒತ್ತಿ ನಿಂತರೆ ಒಳಗಿರುವವನು ತಳ್ಳುವುದೇನನ್ನು?

"ಕಿಟಕಿ," ಎಂದೆ ನಾನು.

ಹೊರಗೆ ಬಂದಾಗ ಬೀದಿಯ ನೀರು ನಮ್ಮ ಮೊಣಕಾಲಿಗಿತ್ತು. ಕಾಲುದಾರಿ ಬೀದಿಗಿಂತ ಎತ್ತರವಿದ್ದುದರಿಂದ ಕಿಟಕಿಯ ಹೊಸ್ತಿಲು ಇನ್ನೂ ಮುಳುಗಿರಲಿಲ್ಲ. ಆದರೆ ಪ್ರತಿ ಅಲೆಯೂ ಅದನ್ನು ನೆಕ್ಕಿ ಒಂದಿಷ್ಟು ನೀರನ್ನು ಒಳಗೆ ಚೆಲ್ಲುತ್ತಿತ್ತು. ಅಸಿಮಿನಾ ನೀರಿನಲ್ಲೇ ಮಂಡಿಯೂರಿ ಕಂಬಿ ಹಿಡಿದು ಕೂಗಿದಳು. ಒಳಗಿನಿಂದ ಟಾರ್ಚಿನ ಬೆಳಕು ಅವಳ ಮುಖಕ್ಕೆ ಹೊಡೆಯಿತು.

"ಒಳ್ಳೇದಾಯ್ತು ಬಂದೆ. ಹಿಡ್ಕೋ," ಎಂದ ಸ್ಟೆರ್ಗಿಯೋಸ್. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಡಿಸ್ಕುಗಳ ಕಟ್ಟೊಂದು ಕಂಬಿಗಳ ಸಂದಿಯಿಂದ ಹೊರಬಂತು. ಅವಳು ಬೆಪ್ಪಾಗಿ ಇಸಿದುಕೊಂಡು ನನಗೆ ಕೊಟ್ಟಳು. ಇನ್ನೊಂದು ಬಂತು.

"ಬಾಗಿಲು ತೆಗ್ದು ಮೆಟ್ಟಿಲ ಕಡೆ ಬಾ! ಈಗ್ಲೇ!"

"ಬಾಗಿಲು ತೆಗೀತಿಲ್ಲ. ಹಿಡ್ಕೋ, ಇದು ಬಿಳಿ ಪಟ್ಟೀದು, ಹುಷಾರು." ಬಸ್ಸು ತಡ ಎಂದು ಹೇಳುವ ದನಿಯಲ್ಲೇ ಅವನು ಹೇಳಿದ್ದು.

"ನೀರೆಲ್ಲಿಗಿದೆ ಒಳಗೆ?"

"ಸೊಂಟಕ್ಕೆ. ಮಾತು ಬೇಡ, ಹಿಡ್ಕೋ."

ಅಸಿಮಿನಾ ಕೈಗೆ ಬಂದ ಕಟ್ಟನ್ನು ಒಂದು ಗಳಿಗೆ ನೋಡಿದಳು. ಎದ್ದುನಿಂತು, ತೋಳು ಬೀಸಿ ಅದನ್ನು ಬೀದಿಯ ನಡುವಿನ ಹೊಳೆಗೆ ಎಸೆದಳು. ನನ್ನ ಕಂಕುಳಲ್ಲಿದ್ದುದನ್ನೂ ಕಿತ್ತು ಎಸೆದಳು. ಚೀಲ ಬಿಚ್ಚಿಕೊಂಡು, ಬೆಳ್ಳಿಬಣ್ಣದ ಬಿಲ್ಲೆಗಳು ಕೆಂಪು ನೀರಿನಲ್ಲಿ ಒಂದು ಸಲ ಮಿನುಗಿ ಮುಳುಗಿದವು.

"ನೋಡಿದ್ಯಾ? ಹೋಯ್ತು! ಇನ್ನೂ ಕೊಡು, ಕೊಟ್ಟಿದ್ದೆಲ್ಲ ಎಸೀತೀನಿ. ಕೊಡೋಕೆ ಏನೂ ಇಲ್ದೇ ಇದ್ದಾಗಾದ್ರೂ ನೀನು ಹೊರಗೆ ಬರ್ತೀಯ!"

ಟಾರ್ಚಿನ ಬೆಳಕು ಅವಳ ಮುಖದಿಂದ ಇಳಿದು ನೀರಿನ ಮೇಲೆ, ಬಾಗಿಲ ಮೇಲೆ, ಗೋಡೆಗಳ ಮೇಲೆ ಓಡಾಡಿತು. ತಾನು ಎಲ್ಲಿದ್ದೇನೆಂದು ಅವನು ಮೊದಲ ಸಲ ನೋಡಿಕೊಂಡದ್ದು ಆಗಲೇ ಇರಬೇಕು. "ಅಸಿಮಿನಾ," ಎಂದ. ದನಿ ಬೇರೆಯಾಗಿತ್ತು. "ಇಲ್ಲಿಂದ ಹೇಗೆ ಬರ್ಲಿ?"

ನೆಲಮಟ್ಟದ ಮನೆಯ ಫಾತೋಸ್ ಅಷ್ಟರಲ್ಲಿ ನಮ್ಮ ಕೂಗು ಕೇಳಿ ಬಂದಿದ್ದ. ಅಲ್ಬೇನಿಯದಿಂದ ಬಂದು ನಮ್ಮಲ್ಲೇ ನೆಲೆಸಿದ ಗಾರೆಯವನು. ಎರಡೂ ಕೈಯಿಂದ ಕಂಬಿ ಜಗ್ಗಿ ನೋಡಿ, ತಿರುಗಿ ತನ್ನ ವ್ಯಾನಿನ ಕಡೆ ಈಜಿದಂತೆ ನಡೆದ. ಬರುವಾಗ ಚಕ್ರ ಬದಲಿಸುವ ಜಾಕ್ ತಂದಿದ್ದ. ಅದನ್ನು ಎರಡು ಕಂಬಿಗಳ ನಡುವೆ ಅಡ್ಡ ಇಟ್ಟು ತಿರುವತೊಡಗಿದ.

"ಬೇಗ ಮೇಸ್ತ್ರಿ, ಬೇಗ," ಎಂದು ಅಸಿಮಿನಾ ಅಂಗಲಾಚಿದಳು.

"ತಿರುಗ್ಸೋ ಅಷ್ಟೇ ತಿರುಗುತ್ತೆ ಅಕ್ಕಾ. ನೀವು ಅವ್ರನ್ನ ಹತ್ತಿಸಿ. ಬಾರ್ಬಾ! ಏನಾದ್ರೂ ಒಟ್ಟಿ ಮೇಲೆ ಹತ್ತು, ಎದೆ ಕಿಟಕಿಗೆ ಬರ್ಬೇಕು!" ಬಾರ್ಬಾ ಎಂದರೆ ನಮ್ಮಲ್ಲಿ ಹಿರಿಯರನ್ನು ಚಿಕ್ಕಪ್ಪ ಎಂದ ಹಾಗೆ.

"ಏನನ್ನ ಒಟ್ಲಿ? ಇಲ್ಲಿ ಪೆಟ್ಟಿಗೆ ಬಿಟ್ರೆ ಏನೂ ಇಲ್ಲ."

"ಪೆಟ್ಟಿಗೇನೇ ಒಟ್ಟು!"

"ತುಂಬಿರೋದಾ?"

"ತುಂಬಿರೋದೇ! ಖಾಲಿದು ತೇಲುತ್ತೆ, ದೇವ್ರೇ!" ಅಸಿಮಿನಾ ಹಣೆಯನ್ನು ಕಂಬಿಗೆ ಒತ್ತಿಕೊಂಡಿದ್ದಳು. "ನನಗೋಸ್ಕರ ಅಲ್ಲಾಂದ್ರೂ ಹತ್ತು, ಸ್ಟೆರ್ಗಿಯೋ. ನನ್ನನ್ನ ಬೈಯ್ಯೋಕಾದ್ರೂ ಹತ್ತು."

ನೀರಿನಲ್ಲಿ ಭಾರವಾದದ್ದನ್ನು ಎಳೆಯುವ ಸದ್ದು, ಏದುಸಿರು. ಒಂದು ಬಿತ್ತು, ಮತ್ತೆ ಎತ್ತಿದ. ಅಲೆಗಳು ಈಗ ಬಿಟ್ಟುಬಿಟ್ಟು ಬರುತ್ತಿರಲಿಲ್ಲ, ಹೊಸ್ತಿಲ ಮೇಲಿಂದ ನೀರು ಬಟ್ಟೆ ಹಾಸಿದಂತೆ ಒಂದೇ ಸಮ ಒಳಕ್ಕೆ ಜಾರುತ್ತಿತ್ತು. ಬೀದಿಯಲ್ಲಿ ತೇಲಿಬಂದ ಕಾರೊಂದು ಎದುರಿನ ಕಿತ್ತಳೆ ಗಿಡಕ್ಕೆ ಅಡ್ಡ ನಿಂತಿತು. ಅದು ಬಿಡಿಸಿಕೊಂಡರೆ ನೇರ ನಮ್ಮ ಬೆನ್ನಿಗೇ. ನಾನು ಅದರ ಮೇಲೆ ಕಣ್ಣಿಟ್ಟು ನಿಂತೆ. ಬೇರೇನು ಮಾಡಲಿ?

ಜಾಕ್ ಕಿರ್‍ರೆಂದಿತು. ಒಂದು ಕಂಬಿ ಬಿಲ್ಲಿನಂತೆ ಬಾಗಿ, ಬುಡದ ಸಿಮೆಂಟಿನ ಸಮೇತ ಕಿತ್ತುಬಂತು. ಅದೇ ಹೊತ್ತಿಗೆ ಸ್ಟೆರ್ಗಿಯೋಸನ ತಲೆ ಕಿಟಕಿಗೆ ಬಂತು. ಕಾಲ ಕೆಳಗೆ ಡಿಸ್ಕುಗಳು ಒಡೆಯುವುದು ನನಗೂ ಕೇಳಿಸಿತು, ಒಣ ಕಡ್ಡಿ ಮುರಿದ ಹಾಗೆ. ಆದರೆ ಪೆಟ್ಟಿಗೆ ಕುಸಿಯಲಿಲ್ಲ. ತಲೆ ಬಂತು, ಭುಜ ಒಂದೊಂದಾಗಿ ಬಂತು, ಹೊಟ್ಟೆಯ ಹತ್ತಿರ ಸಿಕ್ಕಿಹಾಕಿಕೊಂಡ.

"ಉಸಿರು ಬಿಡು ಬಾರ್ಬಾ!" ಫಾತೋಸ್ ಅವನ ತೋಳು ಹಿಡಿದು ಕಾಲನ್ನು ಗೋಡೆಗೆ ಕೊಟ್ಟಿದ್ದ. "ಪೂರ್ತಿ ಬಿಡು! ಈ ವರ್ಷ ಕುಡಿದ ತ್ಸಿಪುರೊ ಎಲ್ಲಾ ಹೊರಗೆ ಬರ್ಲಿ!"

ಬಿಟ್ಟ. ನಾವು ಮೂವರೂ ಎಳೆದೆವು. ಅವನು ನಮ್ಮ ಮೇಲೆಯೇ ಬಿದ್ದ. ಎದ್ದು ಹಿಂತಿರುಗಿ ನೋಡುವಷ್ಟರಲ್ಲಿ ಕಿಟಕಿ ಇದ್ದ ಜಾಗದಲ್ಲಿ ನೀರು ಸುಳಿ ತಿರುಗುತ್ತಿತ್ತು. ಅಸಿಮಿನಾ ಎರಡೂ ಮುಷ್ಟಿಯಿಂದ ಅವನ ಎದೆಗೆ ಗುದ್ದಿದಳು, ಸಾಕಾಗುವವರೆಗೂ. ಆಮೇಲೆ ತನ್ನ ಒದ್ದೆ ಸ್ವೆಟರನ್ನೇ ಕಳಚಿ ಅವನಿಗೆ ಹೊದಿಸಿದಳು. ಅವನ ಒಂದು ಕಾಲು ಪಾದದಿಂದ ಮೊಣಕಾಲವರೆಗೆ ಸೀಳಿತ್ತು. ಯಾರೂ ಅದನ್ನು ಆಗ ಗಮನಿಸಲಿಲ್ಲ.

ನೀರು ಇಳಿದ ಮೇಲೆ ಕೆಸರು ಉಳಿಯಿತು. ನಲ್ಲಿಯಲ್ಲಿ ನೀರಿಲ್ಲ, ಕುಡಿಯಲು ಬಾಟಲಿ ಹಂಚುತ್ತಿದ್ದರು. ನಾವು ಎಲ್ಲರೂ ನಮ್ಮ ನಮ್ಮ ಉಗ್ರಾಣದ ಹಾಳಾದ ಸಾಮಾನುಗಳನ್ನು ಬೀದಿಗೆ ಎಳೆದು ಹಾಕಿದೆವು. ಹಾಸಿಗೆ, ಹೊಲಿಗೆ ಯಂತ್ರ, ಮದುವೆಯ ಆಲ್ಬಮ್ಮು. ಫಾತೋಸ್ ಸೇಬಿನ ಪೆಟ್ಟಿಗೆಗಳನ್ನೂ ತಂದು ಗೋಡೆಗೆ ಒಟ್ಟಿದ. ಸ್ಟೆರ್ಗಿಯೋಸನ ಕಾಲು ಬಾತು ನೀಲಿಯಾಗಿ, ಮೈ ಸುಡುತ್ತಿತ್ತು. ಆಸ್ಪತ್ರೆಗೆ ಸೇರಿಸಿದರು.

"ಪೆಟ್ಟಿಗೆಗಳು?" ಎಂದು ಅವನು ಜ್ವರದಲ್ಲೇ ಕೇಳಿದನಂತೆ.

"ಕೆಸರಲ್ಲಿವೆ."

"ಪ್ಲಾಸ್ಟಿಕ್ ಅಲ್ವಾ... ತೊಳೆದ್ರೆ ಆಗುತ್ತೆ."

ಅಸಿಮಿನಾ ಇದನ್ನು ನನಗೆ ಹೇಳಿದ್ದು ಮಾರನೆಯ ಬೆಳಿಗ್ಗೆ, ಬಾಗಿಲ ಬಳಿ. ಕೈಯಲ್ಲಿ ಅವನ ಬಟ್ಟೆಯ ಚೀಲವಿತ್ತು. ಸೋಂಕು ಇವತ್ತೂ ಇಳಿಯದಿದ್ದರೆ ಕಾಲು ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವಳು ಹೊರಡಬೇಕು ಎನ್ನುವಾಗಲೇ ಕಸ ಎತ್ತುವ ಲಾರಿಯೂ ಲೋಡರೂ ನಮ್ಮ ಬೀದಿಗೆ ತಿರುಗಿದವು. ಒಂದೊಂದೇ ಮನೆಯ ಮುಂದಿನ ಗುಡ್ಡೆಯನ್ನು ಬಾಚಿ ಎತ್ತುತ್ತ ಬಂದು, ಸೇಬಿನ ಪೆಟ್ಟಿಗೆಗಳ ಮುಂದೆ ನಿಂತವು.

"ಇದೂ ಹೋಗೋದಾ ಅಮ್ಮಾ?" ಲೋಡರಿನವನು ಇಂಜಿನ್ ಆರಿಸದೆ ಕೂಗಿದ.

ಅಸಿಮಿನಾ ಪೆಟ್ಟಿಗೆಗಳ ಕಡೆ ನೋಡಿದಳು.

"ಅಮ್ಮಾ, ಇನ್ನೂ ಅರ್ಧ ಊರಿದೆ ನಂಗೆ. ಹೂಂ ಅನ್ನಿ, ಇಲ್ಲಾ ಊಹೂಂ ಅನ್ನಿ."

"ನಿಲ್ಲು," ಎಂದಳು. ಚೀಲವನ್ನು ನನ್ನ ಕೈಗೆ ತುರುಕಿ ಪೆಟ್ಟಿಗೆಗಳ ಬಳಿ ಹೋದಳು. ಅಂಗೈಯಿಂದಲೇ ಪೆಟ್ಟಿಗೆಯ ಹಣೆಯ ಕೆಸರು ಒರೆಸಿದಳು. ಬಿಳಿ. ಪಕ್ಕದ್ದನ್ನು ಒರೆಸಿದಳು. ಬಿಳಿ. ಅದರ ಕೆಳಗಿನದೂ ಬಿಳಿ. ಒಂದು ಹಳದಿ ಸಿಕ್ಕಿತು, ಅದನ್ನು ಎಳೆದು ಬಾಗಿಲ ಕಡೆ ತಳ್ಳಿದಳು. ಆಮೇಲೆ ಒಂದು ನೀಲಿ. ಬೇಗಬೇಗ ಒರೆಸುತ್ತ, ಎಳೆಯುತ್ತ ಹೋದಳು. ನಾನು, ಫಾತೋಸ್ ಕೈಜೋಡಿಸಿದೆವು. ಬಣ್ಣದ ಪಟ್ಟಿಯವು ಮೆಟ್ಟಿಲ ಬುಡದಲ್ಲಿ ಒಂದು ಸಣ್ಣ ಸಾಲಾದವು. ಗೋಡೆಯ ಬಳಿ ಬಿಳಿಯ ಗುಡ್ಡೆ ಕರಗಿದಂತೆಯೇ ಕಾಣಲಿಲ್ಲ.

"ಅದನ್ನೆಲ್ಲ ತಗೊಂಡು ಹೋಗು," ಎಂದಳು. ಲೋಡರಿನ ಬಾಯಿ ಮೊದಲ ಪೆಟ್ಟಿಗೆಗಳನ್ನು ಕಚ್ಚುವಾಗ ಅವಳು ತಿರುಗಿ ನೋಡದೆ ಆಸ್ಪತ್ರೆಯ ದಾರಿ ಹಿಡಿದಿದ್ದಳು.

ಕಾಲು ಉಳಿಯಿತು. ಕೋಲು ಹಿಡಿದು ಮನೆಗೆ ಬಂದ ದಿನ ಸ್ಟೆರ್ಗಿಯೋಸ್ ಮೊದಲು ನಿಂತದ್ದು ಮೆಟ್ಟಿಲ ಬುಡದ ಆ ಸಾಲಿನ ಮುಂದೆ. ನಾನು ಅವನ ಔಷಧಿ ಚೀಲ ಹಿಡಿದು ಹಿಂದಿದ್ದೆ.

"ಬಿಳೀದು?"

"ಕಳಿಸ್ದೆ," ಎಂದಳು ಅಸಿಮಿನಾ. "ಯಾರೂ ತಗೊಂಡು ಹೋಗ್ಲಿಲ್ಲ, ನಾನೇ ಕಳಿಸ್ದೆ. ಬಾಟಲಿ ನೀರಲ್ಲಿ ಅಷ್ಟನ್ನೂ ತೊಳೆಯೋಕಾಗಲ್ಲ."

"ಬೇರೇದನ್ನ ಕಳಿಸ್ಬೇಕಿತ್ತು! ನೋಡಿ ಆಗಿರೋದನ್ನ ಇಟ್ಕೊಂಡು ಏನ್ ಮಾಡ್ಲಿ? ಅವು ನಮಗೆ ಅಂತ ಉಳಿಸಿದ್ದು, ಗೊತ್ತಿಲ್ವಾ ನಿಂಗೆ? ಮುಂದೆ ಇಬ್ರೂ ಕೂತು—"

"ಮುಂದೆ ಯಾವಾಗ? ನಿನ್ನ ಕಾಲಾಣೆ ಹೇಳು, ನೋಡ್ತಿದ್ಯಾ?" ಅವಳ ದನಿ ಏರಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು. "ಈ ಹಳದೀಲಿ ಇರೋದನ್ನ ನಾನು ನಿನ್ನ ಪಕ್ಕ ಕೂತು ನೋಡಿದೀನಿ, ಸ್ಟೆರ್ಗಿಯೋ. ನೀನು ನಕ್ಕಿದ್ದು ನಂಗೆ ನೆನಪಿದೆ. ಆ ಬಿಳೀದ್ರಲ್ಲಿ ನಾನೆಲ್ಲಿದ್ದೆ? ನೀನು ಕೆಳಗೆ ಜೋಡಿಸ್ತಾ ಇದ್ದೆ, ನಾನು ಮೇಲೆ ಒಬ್ಳೇ ಟಿವಿ ನೋಡ್ತಾ ಇದ್ದೆ. ನೀರು ಸೊಂಟಕ್ಕೆ ಬಂದಾಗ್ಲೂ ನೀನು ಕೊಟ್ಟಿದ್ದು ಅದನ್ನೇ."

ಅವನು ಕೋಲೂರುತ್ತ ಮೆಟ್ಟಿಲು ಹತ್ತಿ ಹೋದ.

ಆ ಮನೆಯಲ್ಲಿ ಮಾತು ನಿಂತಿತು. ತಟ್ಟೆ ಇಡುವ ಸದ್ದು, ಕುರ್ಚಿ ಎಳೆಯುವ ಸದ್ದು, ಅಷ್ಟೇ. ಒಂದು ಸಲ ಅಸಿಮಿನಾ ಲಾರಿಸಾದಲ್ಲಿರುವ ತಂಗಿಯ ಮನೆಗೆ ಹೋಗುತ್ತೇನೆಂದು ಬಟ್ಟೆ ಮಡಿಸಿಟ್ಟಿದ್ದನ್ನು ನಾನೇ ಕಂಡೆ. ಇವರು ಮುರಿದೇ ಹೋದರು ಎಂದುಕೊಂಡೆ. ನಲ್ಲಿಗೆ ನೀರು ಬಂದ ಮೇಲೊಂದು ದಿನ ಅವರ ಬಾಲ್ಕನಿಯ ಕಡೆ ಬಗ್ಗಿ ನೋಡಿದರೆ, ಸ್ಟೆರ್ಗಿಯೋಸ್ ಗಾಯದ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಬಟ್ಟೆ ನೆನೆಸುವ ಬೋಗುಣಿಯಲ್ಲಿ ಡಿಸ್ಕುಗಳನ್ನು ತೊಳೆಯುತ್ತಿದ್ದ. ಪಾತ್ರೆಯ ಸೋಪು, ಮೆತ್ತನೆ ಬಟ್ಟೆ. ನಡುವಿನಿಂದ ಅಂಚಿಗೆ ನೇರವಾಗಿ ಒರೆಸುತ್ತಿದ್ದ, ಸುತ್ತ ತಿರುಗಿಸುತ್ತಿರಲಿಲ್ಲ. ತೊಳೆದದ್ದನ್ನು ಕಸಬರಿಗೆಯ ಕೋಲಿಗೆ ಪೋಣಿಸಿ ಒಣಗಲು ಬಿಡುತ್ತಿದ್ದ. ಅಸಿಮಿನಾ ಬಂದು ಎದುರು ಕೂತು ಮತ್ತೊಂದು ಬಟ್ಟೆ ತೆಗೆದುಕೊಂಡಳು.

"ಹಾಗಲ್ಲ, ನೇರ ಒರೆಸು," ಎಂದ.

"ಸರಿ ಕೊಡು," ಎಂದಳು.

ಮುಖಚಿತ್ರಗಳೆಲ್ಲ ಕೊಳೆತಿದ್ದವು. ಕೆಲವು ಡಿಸ್ಕುಗಳ ಮೇಲಿನ ಹೆಸರೂ ಅಳಿಸಿಹೋಗಿತ್ತು. ಅವನ್ನು ಹಾಕಿ ನೋಡದೆ ಯಾವುದೆಂದು ತಿಳಿಯುವಂತಿರಲಿಲ್ಲ. ಹಾಗೆ ಸಂಜೆ ಸಂಜೆ ಹಾಕಿ ನೋಡತೊಡಗಿದರು. ಅರ್ಧದಲ್ಲಿ ನಿಂತುಹೋದದ್ದನ್ನು ಬಿಸಾಡಿದರು, ಓಡಿದ್ದನ್ನು ಇಟ್ಟುಕೊಂಡರು. ಹಜಾರದಲ್ಲಿ ಗೋಡೆಗೆ ಬೋಲ್ಟು ಬಿಗಿದ ಗಿಡ್ಡ ಕಪಾಟೊಂದನ್ನು ಫಾತೋಸ್ ಮಾಡಿಕೊಟ್ಟ. ಅದರಲ್ಲಿ ಯಾವುದು ಎಲ್ಲಿರಬೇಕೆಂದು ಹೇಳುವವಳು ಈಗ ಅಸಿಮಿನಾ. ಅವಳ ಜೋಡಣೆ ಇವತ್ತಿಗೂ ನನಗೆ ಅರ್ಥವಾಗಿಲ್ಲ. ಕೇಳಿದರೆ, "ಇದು ನನ್ನಪ್ಪ ತೀರ್ಕೊಂಡ ಚಳಿಗಾಲದಲ್ಲಿ ನೋಡಿದ್ದು, ಇದು ಅದರ ಮುಂದಿಂದು" ಎಂದಳು.

ಮರುವರ್ಷ ಸೆಪ್ಟೆಂಬರಿನಲ್ಲಿ ಫೋನುಗಳು ಮತ್ತೆ ಕಿರುಚಿದವು. ಬೆಟ್ಟದ ಮೇಲೆ ಮೋಡ ಕುಳಿತಿತ್ತು. ಅಸಿಮಿನಾ ನನ್ನ ಬಾಗಿಲು ಬಡಿದಾಗ ಅವಳ ತುಟಿ ಬಣ್ಣ ಕಳೆದುಕೊಂಡಿತ್ತು.

"ಮನೇಲಿ ಇಲ್ಲ ಡೋಮ್ನಾ. ಕೋಲೂ ಇಲ್ಲ."

ಇಬ್ಬರೂ ಕೈ ಹಿಡಿದು ಇಳಿದೆವು. ನೆಲಮಾಳಿಗೆಯ ಮೆಟ್ಟಿಲ ತುದಿಯಲ್ಲಿ ನಿಂತು ಅವಳು ಕತ್ತಲೆಗೆ ಅವನ ಹೆಸರು ಹಿಡಿದು ಕೂಗಿದಳು. ಉತ್ತರ ಬಂದದ್ದು ಬೆನ್ನ ಹಿಂದಿನಿಂದ, ಬೀದಿ ಬಾಗಿಲ ಕಡೆಯಿಂದ.

"ಏನು ಊರೆಲ್ಲ ಕೇಳೋ ಹಾಗೆ?"

ಸ್ಟೆರ್ಗಿಯೋಸ್ ಹೊಸ್ತಿಲ ಮೇಲೆ ಕೂತಿದ್ದ. ಫಾತೋಸ್ ಮರಳಿನ ಮೂಟೆ ತಂದು ಹಾಕುತ್ತಿದ್ದ, ಇವನು ಅವುಗಳ ಬಾಯಿ ಒಳಮಗ್ಗುಲಿಗೆ ಬರುವಂತೆ ಒಂದಕ್ಕೊಂದು ಒತ್ತಿ ಜೋಡಿಸುತ್ತಿದ್ದ. ಮಳೆ ಇಬ್ಬರ ಮೇಲೂ ಬೀಳುತ್ತಿತ್ತು.

ಅಸಿಮಿನಾ ಗೋಡೆಗೆ ಒರಗಿ ಉಸಿರು ಎಳೆದುಕೊಂಡಳು. "ಹೇಳಿ ಹೋಗೋಕೆ ಬಾಯಿಲ್ವಾ ನಿಂಗೆ?"

"ನೀನು ನಿದ್ದೆ ಮಾಡ್ತಿದ್ದೆ."

"ಎಬ್ಬಿಸು! ಕತ್ತೆ! ಎಬ್ಬಿಸಿ ಹೇಳಿ ಹೋಗು!"

"ಆಯ್ತು, ಎಬ್ಬಿಸ್ತೀನಿ," ಎಂದು ಅವನು ಪಕ್ಕಕ್ಕೆ ಸರಿದು ಜಾಗ ಮಾಡಿದ. ಅವಳು ಅವನ ಪಕ್ಕ ಕೂತು ಮುಂದಿನ ಮೂಟೆಗೆ ಕೈ ಚಾಚಿದಳು.